ದಾರಿ ತೆರೆದವರ ಪ್ರಶಸ್ತಿ

ಶಾಸನಗಳನ್ನು ಓದುವವರಿಗೆ ‘ಪ್ರಶಸ್ತಿ’ ಎಂಬ ಮಾತಿನ ಎರಡು ಅರ್ಥಗಳೂ ಪರಿಚಿತ. ಇಂದಿನ ಬಳಕೆಯಲ್ಲಿ ಅದು ಪದಕ, ಫಲಕ, ಗೌರವ. ಶಾಸನದಲ್ಲಿಯಾದರೆ ದೊರೆಯ ಅಥವಾ ದಂಡನಾಯಕನ ಪರಾಕ್ರಮವನ್ನು ಬಣ್ಣಿಸುವ ಭಾಗ. ಅಲ್ಲಿ ವೈರಿಗಳ ಮದದಾನೆಗಳ ಕುಂಭಸ್ಥಳಗಳು ಸೀಳುತ್ತವೆ, ರಣರಂಗದಲ್ಲಿ ನೆತ್ತರ ಹೊಳೆ ಹರಿಯುತ್ತದೆ, ಬಿರುದುಗಳು ಸಾಲುಗಟ್ಟಿ ನಿಲ್ಲುತ್ತವೆ. ಅಂತಹ ಪ್ರಶಸ್ತಿಗಳಿಗೆ ಒಗ್ಗಿದ ಕಣ್ಣಿಗೆ 1948ರ ಏಪ್ರಿಲ್ ತಿಂಗಳ ನಾಲ್ಕು ದಿನಗಳನ್ನು ಕುರಿತ ಒಂದು ಪ್ರಶಸ್ತಿಪಾಠ ವಿಲಕ್ಷಣವಾಗಿ ತೋರುತ್ತದೆ. ಕಾರವಾರದ ಸಮೀಪದ ಚೆಂಡಿಯಾದ ಸೆಕೆಂಡ್ ಲೆಫ್ಟಿನೆಂಟ್ ರಾಮ ರಾಘೋಬ ರಾಣೆಯವರಿಗೆ ಪರಮವೀರ ಚಕ್ರವನ್ನು ತಂದುಕೊಟ್ಟ ಪಾಠ ಅದು. ಅವರು ಕೊಂದ ಒಬ್ಬನೇ ಒಬ್ಬ ಶತ್ರುವಿನ ಲೆಕ್ಕವೂ ಅದರಲ್ಲಿಲ್ಲ. ಇರುವುದು ಗಂಟೆಗಳ ಲೆಕ್ಕ, ಗಜಗಳ ಲೆಕ್ಕ, ರಸ್ತೆಗೆ ಅಡ್ಡ ಕೆಡವಿದ ದೇವದಾರು ಜಾತಿಯ ಮರಗಳ ಲೆಕ್ಕ, ಒಡೆದುಹೋದ ಒಂದು ಮೋರಿಯ ಮಾತು.

ಕರ್ನಾಟಕದಲ್ಲಿ ರಾಣೆಯವರ ಹೆಸರನ್ನು ಅಭಿಮಾನದಿಂದ ಹೇಳುವವರಿದ್ದಾರೆ. ಆದರೆ ಅವರು ಮಾಡಿದ್ದೇನು ಎಂದು ಕೇಳಿದರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: ಪಾಕಿಸ್ತಾನದ ವಿರುದ್ಧ ವೀರಾವೇಶದಿಂದ ಹೋರಾಡಿದರು. ಈ ಉತ್ತರ ಸುಳ್ಳಲ್ಲ. ಆದರೆ ಅವರ ಶೌರ್ಯದ ವಿಶೇಷವೇ ಅದರಲ್ಲಿ ಕಾಣೆಯಾಗುತ್ತದೆ. ಎಲ್ಲ ವೀರರಿಗೂ ಒಂದೇ ಕತ್ತಿಯನ್ನು ಹಿಡಿಸಿ ನಿಲ್ಲಿಸುವ ಈ ರೂಢಿ ವೀರರನ್ನು ಮರೆಯುವ ಇನ್ನೊಂದು ಬಗೆ.

ರಾಣೆಯವರು ಹುಟ್ಟಿದ್ದು 1918ರ ಜೂನ್ 26ರಂದು. ತಂದೆ ಪೊಲೀಸ್ ಪೇದೆ. ವರ್ಗಾವಣೆಯಾದಂತೆಲ್ಲ ಊರು ಬದಲಾಗುತ್ತಿತ್ತು, ಮಗನ ಶಾಲೆಯೂ ಬದಲಾಗುತ್ತಿತ್ತು. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯದ ಜಿಲ್ಲೆ. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಕರನಿರಾಕರಣೆಯ ಚಳವಳಿ ಆ ಸೀಮೆಯ ಹಳ್ಳಿಹಳ್ಳಿಯನ್ನು ಹೊಕ್ಕಿತು. ಅದೇ ವರ್ಷ ಹನ್ನೆರಡರ ಹುಡುಗ ರಾಮ ರಾಷ್ಟ್ರೀಯ ಚಳವಳಿಯ ಕಡೆಗೆ ವಾಲಿದ. ಸರಕಾರದ ಅನ್ನ ತಿನ್ನುತ್ತಿದ್ದ ತಂದೆಗೆ ಇದು ದಿಗಿಲು ಹುಟ್ಟಿಸಿದ್ದು ಸಹಜ. ಕುಟುಂಬವನ್ನು ಅವರು ಪೂರ್ವಿಕರ ಊರಾದ ಚೆಂಡಿಯಾಕ್ಕೆ ಕರೆತಂದರು. ಹತ್ತು ವರ್ಷ ಕಳೆದ ಮೇಲೆ, 1940ರ ಜುಲೈ 10ರಂದು, ಅದೇ ಹುಡುಗ ಬ್ರಿಟಿಷರ ಸೈನ್ಯದ ಬಾಂಬೆ ಎಂಜಿನಿಯರ್ಸ್ ದಳವನ್ನು ಸೇರಿದ. ಸತ್ಯಾಗ್ರಹದ ಸೆಳೆತಕ್ಕೂ ಈ ನೇಮಕಕ್ಕೂ ಹೊಂದಾಣಿಕೆ ತೋರಿಸಲು ಚರಿತ್ರಕಾರ ಹೆಣಗಬೇಕಾಗಿಲ್ಲ. ಆ ತಲೆಮಾರಿನ ಸಾವಿರಾರು ಯುವಕರ ಬದುಕಿನಲ್ಲಿ ಇವೆರಡೂ ಅಕ್ಕಪಕ್ಕದಲ್ಲಿಯೇ ಇದ್ದವು.

ತರಬೇತಿಯಲ್ಲಿ ಅತ್ಯುತ್ತಮ ಎಂದು ಆಯ್ಕೆಯಾದ ಈ ಯುವಕ ಮುಂದೆ ಬರ್ಮಾದ ರಣರಂಗದಲ್ಲಿ ಜಪಾನೀಯರ ಎದುರು ನಿಂತ. ಅರಾಕಾನ್ ಪ್ರದೇಶದಿಂದ ಸೈನ್ಯ ಹಿಂದೆ ಸರಿಯುವಾಗ, ಬುಥಿಡಾಂಗ್‌ನಲ್ಲಿದ್ದ ಮದ್ದುಗುಂಡಿನ ದಾಸ್ತಾನು ಶತ್ರುವಿನ ಕೈಸೇರದಂತೆ ನಾಶಮಾಡಲು ಹಿಂದೆ ಉಳಿಸಿದ ಚಿಕ್ಕ ತಂಡ ರಾಣೆಯವರದು. ಕೆಲಸ ಮುಗಿದ ಮೇಲೆ ಹಡಗಿನವರು ಬಂದು ಕರೆದೊಯ್ಯಬೇಕೆಂದು ಏರ್ಪಾಡಾಗಿತ್ತು. ಹಡಗು ಅವರನ್ನು ಕರೆದೊಯ್ಯಲಿಲ್ಲ. ಜಪಾನಿ ಪಹರೆಯ ನಡುವೆ ನದಿಯನ್ನು ದಾಟಿ ತಂಡ ತನ್ನ ದಳವನ್ನು ಕೂಡಿಕೊಂಡಿತು. ರಾಣೆಯವರು ಹವಾಲ್ದಾರರಾದರು. 1947ರ ಡಿಸೆಂಬರ್‌ನಲ್ಲಿ, ಸ್ವತಂತ್ರ ಭಾರತದ ಸೈನ್ಯದಲ್ಲಿ, ಅಧಿಕಾರಿಯ ದರ್ಜೆ ದೊರೆಯಿತು. ಪೇದೆಯ ಮಗ, ಕೆಳಗಿನ ಮೆಟ್ಟಿಲಿನಿಂದ ಏರಿದ ಅಧಿಕಾರಿ, ಎಂಬುದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಕೆಲಸಗಾರನ ಕೈ ಅವರಿಗೆ ಅಧಿಕಾರಿಯಾಗುವ ಮೊದಲೇ ಒದಗಿತ್ತು.

ಅಷ್ಟರಲ್ಲಿ ಜಮ್ಮು-ಕಾಶ್ಮೀರದಲ್ಲಿ ಯುದ್ಧ ಹೊತ್ತಿಕೊಂಡಿತ್ತು. ರಜೌರಿ ಪಟ್ಟಣ 1947ರ ನವೆಂಬರ್‌ನಲ್ಲಿಯೇ ದಾಳಿಕಾರರ ವಶವಾಗಿತ್ತು. ಅಲ್ಲಿ ಆಶ್ರಯ ಪಡೆದಿದ್ದ ನಿರಾಶ್ರಿತರಲ್ಲಿ ಬಹುಮಂದಿ ಕೊಲೆಯಾದರು. 1948ರ ಫೆಬ್ರವರಿಯಲ್ಲಿ ನೌಶೇರಾ ಉಳಿಯಿತು, ಮಾರ್ಚ್‌ನಲ್ಲಿ ಝಂಗಡ್ ಮರಳಿ ದೊರೆಯಿತು. ಮುಂದಿನ ಗುರಿ ರಜೌರಿ. ನೌಶೇರಾದಿಂದ ಅಲ್ಲಿಗೆ ಹೋಗುವ ದಾರಿ ಮೊಗಲರು ಕಾಶ್ಮೀರಕ್ಕೆ ಹೋಗುತ್ತಿದ್ದ ಹಳೆಯ ದಾರಿ. ನಡುವೆ ಚಿಂಗಸ್ ಎಂಬಲ್ಲಿ ಅವರ ಕಾಲದ ಸರಾಯಿ ಇದೆ. ಕಾಶ್ಮೀರದಿಂದ ಮರಳುವಾಗ 1627ರಲ್ಲಿ ತೀರಿಕೊಂಡ ಜಹಾಂಗೀರನ ಕರುಳನ್ನು ಅಲ್ಲಿ ಹೂಳಿ, ದೇಹವನ್ನು ಲಾಹೋರಿಗೆ ಒಯ್ದರೆಂದೂ ಊರಿಗೆ ಆ ಹೆಸರು ಬಂದದ್ದು ಅದರಿಂದಲೇ ಎಂದೂ ಪ್ರತೀತಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಇಳಿಜಾರು, ಹಾವಿನಂತೆ ಸುತ್ತುವ ರಸ್ತೆ. ಇಂತಹ ದಾರಿಯಲ್ಲಿ ನಾಲ್ಕು ಮರ ಕೆಡವಿ, ನಡುವೆ ಕೆಲವು ನೆಲಬಾಂಬುಗಳನ್ನು ಹುಗಿದು, ಮೇಲಿನ ದಿಬ್ಬದಲ್ಲಿ ಒಂದು ಮೆಷಿನ್‌ಗನ್ ಇಟ್ಟರೆ ಸಾಕು. ಟ್ಯಾಂಕುಗಳ ದೊಡ್ಡ ಸಾಲೇ ನಿಂತುಬಿಡುತ್ತದೆ. ಹಿಂದೆ ಸರಿದವರು ಹಾಗೆಯೇ ಮಾಡಿದ್ದರು.

ಡೋಗ್ರಾ ದಳದ ನಾಲ್ಕನೆಯ ಬೆಟಾಲಿಯನ್ ಮುನ್ನಡೆಯಬೇಕಿತ್ತು. ಅದರ ಜೊತೆಗೆ 37ನೆಯ ಅಸಾಲ್ಟ್ ಫೀಲ್ಡ್ ಕಂಪನಿಯ ಒಂದು ತುಕಡಿ. ಅದರ ಹೊಣೆ ರಾಣೆಯವರದು. ಏಪ್ರಿಲ್ 8ರಂದು ಬೆಳಗ್ಗೆ 11 ಗಂಟೆಗೆ, ನದ್‌ಪುರ್‌ನ ಬಳಿ, ನೆಲಬಾಂಬು ತೆಗೆಯಲು ಟ್ಯಾಂಕುಗಳ ಪಕ್ಕದಲ್ಲಿ ಸಿದ್ಧರಾಗಿ ನಿಂತಿದ್ದ ತಂಡದ ಮೇಲೆ ಮಾರ್ಟರ್ ಗುಂಡುಗಳು ಬಿದ್ದವು. ಇಬ್ಬರು ಸತ್ತರು, ಐವರು ಗಾಯಗೊಂಡರು. ಗಾಯಗೊಂಡವರಲ್ಲಿ ರಾಣೆಯವರೂ ಒಬ್ಬರು. ಅವರು ಉಳಿದವರನ್ನು ಮತ್ತೆ ಒಗ್ಗೂಡಿಸಿ ಕೆಲಸಕ್ಕೆ ಹಚ್ಚಿದರು. ಸಂಜೆ ನಾಲ್ಕೂವರೆಯ ಸುಮಾರಿಗೆ ಬರ್ವಾಲಿ ದಿಬ್ಬ ವಶವಾಯಿತು. ಸುತ್ತಲಿನ ಜಾಗದಲ್ಲಿ ಶತ್ರುಗಳು ಇನ್ನೂ ಇದ್ದರೆಂದು ತಿಳಿದೂ ತಂಡ ಮುಂದೆ ಹೋಗಿ, ಟ್ಯಾಂಕುಗಳಿಗೆ ಬಳಸುದಾರಿಯನ್ನು ಕಡಿಯತೊಡಗಿತು. ರಾತ್ರಿ ಹತ್ತರವರೆಗೆ ಕೆಲಸ.

9ನೆಯ ತಾರೀಕು ಮುಂಜಾನೆಯೇ ಶುರು. ಮಧ್ಯಾಹ್ನ ಮೂರಕ್ಕೆ ಬಳಸುದಾರಿ ಸಿದ್ಧ. ರಾಣೆಯವರು ಮುಂಚೂಣಿಯ ವಾಹನವನ್ನೇರಿದರು. ಅರ್ಧ ಮೈಲಿ ಹೋಗುವಷ್ಟರಲ್ಲಿ ಅಡ್ಡ ಬಿದ್ದ ಮರಗಳು. ಇಳಿದು, ಮದ್ದಿಟ್ಟು ಸಿಡಿಸಿದರು. ಮತ್ತೆ 300 ಗಜ ಹೋಗುವಷ್ಟರಲ್ಲಿ ಅದೇ ಕತೆ. ಅನಂತರ ಒಡೆದ ಮೋರಿ. ಕೆಲಸ ಆರಂಭವಾಗುವ ಮೊದಲೇ ಗುಂಡಿನ ಮಳೆ. ಅಲ್ಲಿಯೂ ಬಳಸುದಾರಿ ಆಯಿತು. ಆರೂಕಾಲು ಗಂಟೆ, ಬೆಳಕು ಇಳಿಯುವ ಹೊತ್ತು, ಐದು ಭಾರಿ ಮರಗಳ ತಡೆ ಎದುರಾಯಿತು, ಸುತ್ತಲೂ ನೆಲಬಾಂಬು. ರಾಣೆಯವರು ಅದಕ್ಕೂ ಕೈಹಾಕಿದ್ದರು. ಪಡೆಯ ಮುಖ್ಯಸ್ಥರೇ ಪರಿಸ್ಥಿತಿಯನ್ನು ನೋಡಿ ಆ ರಾತ್ರಿಗೆ ತಂಗುವಂತೆ ಮಾಡಿದರು. ಮರುದಿನ ಬೆಳಗಿನ ಜಾವ 4.45ಕ್ಕೆ ಮತ್ತೆ ಅದೇ ಮರಗಳ ಬುಡದಲ್ಲಿ, 6.30ಕ್ಕೆ ತಡೆ ತೆರವು. ಮುಂದಿನ ಸಾವಿರ ಗಜ ತಡೆಗಳದೇ ಸಾಲು. ಹತ್ತೂವರೆಗೆ ಅದೂ ಮುಗಿಯಿತು. ಟ್ಯಾಂಕುಗಳು ತವಿ ನದಿಯ ಪಾತ್ರಕ್ಕೆ ಇಳಿದು, ಮಧ್ಯಾಹ್ನ ಎರಡಕ್ಕೆ ಚಿಂಗಸ್ ತಲುಪಿದವು. ಅಲ್ಲಿಗೆ ಯಾರಾದರೂ ಕುಳಿತು ದಣಿವಾರಿಸಿಕೊಳ್ಳಬಹುದಿತ್ತು. ಆದರೆ ಹಿಂದಿನಿಂದ ಬರಬೇಕಾದ ಸಾಮಾನಿನ ವಾಹನಗಳಿಗೆ ನದಿಯ ಪಾತ್ರ ಸಾಲದು, ರಸ್ತೆಯೇ ಬೇಕು. ಊಟ ವಿಶ್ರಾಂತಿಗಳಿಲ್ಲದೆ ರಾತ್ರಿ ಒಂಬತ್ತರವರೆಗೆ ರಸ್ತೆಯ ಕೆಲಸ ನಡೆಯಿತು. 11ರಂದು ಬೆಳಗ್ಗೆ ಆರರಿಂದ ಹನ್ನೊಂದರೊಳಗೆ ಚಿಂಗಸ್‌ವರೆಗಿನ ರಸ್ತೆ ತೆರೆಯಿತು. ಮತ್ತೆ ರಾತ್ರಿ ಹತ್ತರವರೆಗೆ ಅದರ ಮುಂದಿನ ಭಾಗ. 12ರಂದು ಸೇನೆ ರಜೌರಿಯಲ್ಲಿತ್ತು.

ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ವೀರರ ಕತೆಗಳು ಸಾಮಾನ್ಯವಾಗಿ ಒಂದು ಗಳಿಗೆಯ ಕತೆಗಳು. ಆ ಗಳಿಗೆಯಲ್ಲಿ ರಕ್ತ ಕುದಿಯುತ್ತದೆ, ಮನುಷ್ಯ ತನ್ನನ್ನು ಮರೆಯುತ್ತಾನೆ. ರಾಣೆಯವರ ಶೌರ್ಯಕ್ಕೆ ಅಂತಹ ಗಳಿಗೆಯೇ ಇಲ್ಲ. ಅದು ನಾಲ್ಕು ದಿನಗಳಷ್ಟು ಉದ್ದದ್ದು; ನಡುವೆ ನಿದ್ದೆ ಮಾಡಿ, ಎದ್ದು, ಯೋಚಿಸಿ, ಗಾಯದ ನೋವಿನಲ್ಲಿಯೇ ಮತ್ತೆ ಅದೇ ಜಾಗಕ್ಕೆ ಹೋದದ್ದು. ಎರಡನೆಯ ಬೆಳಗ್ಗೆ ಹಿಂದೆ ಸರಿದಿದ್ದರೆ ಯಾರೂ ಅವರನ್ನು ಹೇಡಿ ಎನ್ನುತ್ತಿರಲಿಲ್ಲ. ಜೊತೆಗೆ, ಇದು ತನ್ನನ್ನು ಮರೆತು ಮಾಡುವ ಕೆಲಸವೇ ಅಲ್ಲ. ನೆಲಬಾಂಬನ್ನು ಕೈಯಿಂದ ತೆಗೆಯುವವನು ಮಣ್ಣನ್ನು ಓರೆಯಾಗಿ ಚುಚ್ಚಿ ನೋಡಬೇಕು, ಸುತ್ತಲಿನ ಮಣ್ಣನ್ನು ಬೆರಳುಗಳಿಂದ ಬಿಡಿಸಬೇಕು, ಎತ್ತಿದರೆ ಸಿಡಿಯುವ ಹೂಟ ಕೆಳಗಿದೆಯೇ ಎಂದು ಪರೀಕ್ಷಿಸಬೇಕು, ಸಿಡಿಗುಂಡಿಯನ್ನು ನಿಷ್ಕ್ರಿಯಗೊಳಿಸಬೇಕು. ಮೇಲಿನಿಂದ ಗುಂಡು ಬರುತ್ತಿದೆಯೆಂದು ಅವಸರ ಮಾಡಿದರೆ ಕೆಳಗಿನಿಂದ ಸಾವು. ಆವೇಶ ಅಲ್ಲಿ ಗುಣವಲ್ಲ, ದೋಷ.

ಜೈನ ಪರಂಪರೆಯನ್ನು ಬಲ್ಲ ಓದುಗರಿಗೆ ಇಲ್ಲಿ ಈರ್ಯಾಸಮಿತಿ ನೆನಪಾದರೆ ಆಶ್ಚರ್ಯವಿಲ್ಲ. ಮುನಿಯಾದವನು ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡುತ್ತ, ಒಂದು ಜೀವಕ್ಕೂ ಬಾಧೆಯಾಗದಂತೆ ಹೆಜ್ಜೆಯಿಡಬೇಕೆಂಬುದು ಆ ಸಮಿತಿಯ ವಿಧಿ. ಉಮಾಸ್ವಾತಿ ಆಚಾರ್ಯರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಅದರ ಮೂಲದಲ್ಲಿ ಇಟ್ಟರು. ನೆಲಬಾಂಬು ಎಂಬುದು ಪ್ರಮಾದಕ್ಕೆ ಮನುಷ್ಯ ಕೊಟ್ಟ ಯಂತ್ರರೂಪವೇ ಸರಿ. ಹುಗಿದವನು ಹೊರಟುಹೋಗುತ್ತಾನೆ, ತುಳಿಯುವವರು ಯಾರೆಂದು ಅವನಿಗೂ ಗೊತ್ತಿಲ್ಲ, ಅದಕ್ಕೂ ಗೊತ್ತಿಲ್ಲ. ಸೈನಿಕನೂ ದನಗಾಹಿ ಹುಡುಗನೂ ಮೇಕೆಯೂ ಅದಕ್ಕೆ ಒಂದೇ. ಕದನವಿರಾಮಕ್ಕೆ ಸಹಿ ಬಿದ್ದ ಮೇಲೂ ಅದು ಯುದ್ಧವನ್ನು ನಿಲ್ಲಿಸುವುದಿಲ್ಲ. ಅಂತಹ ವಸ್ತುವನ್ನು ನೆಲದಿಂದ ಎತ್ತುವ ಕೈಗೆ ಅಪ್ರಮಾದವೇ ಆಯುಧ.

ಆದರೆ ಈ ಹೋಲಿಕೆಯನ್ನು ಎಳೆದಷ್ಟೂ ಅದು ಸುಳ್ಳಾಗುತ್ತ ಹೋಗುತ್ತದೆ. ರಾಣೆಯವರನ್ನು ‘ಅಹಿಂಸಾವೀರ’ ಎಂದು ಕರೆದು ಜೈನ ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಅದು ಶಾಸ್ತ್ರಕ್ಕೂ ಅನ್ಯಾಯ, ಸೈನಿಕನಿಗೂ ಅನ್ಯಾಯ. ಅವರು ತೆರೆದ ದಾರಿಯಲ್ಲಿ ಹೋದದ್ದು ಟ್ಯಾಂಕುಗಳು. ಟ್ಯಾಂಕುಗಳು ಹೋದದ್ದು ಕೊಲ್ಲಲೆಂದೇ. ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು ಎಂದು ಕೃತ-ಕಾರಿತ-ಅನುಮೋದನೆಗಳನ್ನು ಮೂರಾಗಿ ಎಣಿಸಿದ ಧರ್ಮ, ‘ಟ್ರಿಗರ್ ಒತ್ತಿದವನು ನಾನಲ್ಲ’ ಎಂಬ ಮಾತನ್ನು ಒಪ್ಪುವುದಿಲ್ಲ. ಅದೇ ಧರ್ಮ ಗೃಹಸ್ಥನ ಬದುಕನ್ನು ನೋಡಿ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ವಿಂಗಡಿಸಿತು. ಬೇಕೆಂದೇ ಮಾಡುವ ಹಿಂಸೆಯನ್ನು ಶ್ರಾವಕನಿಗೆ ನಿಷೇಧಿಸಿ, ಎರಗಿ ಬಂದವನನ್ನು ತಡೆಯುವಾಗ ಆಗುವ ಹಿಂಸೆ ಅವನಿಗೆ ತಪ್ಪಿಸಲಾಗದ್ದೆಂದು ಒಪ್ಪಿಕೊಂಡಿತು. ಒಪ್ಪಿಕೊಂಡಿತೇ ಹೊರತು ಅದನ್ನು ಪುಣ್ಯವೆಂದು ಕರೆಯಲಿಲ್ಲ. ಈ ಸೂಕ್ಷ್ಮವನ್ನು ಬಿಟ್ಟುಕೊಟ್ಟರೆ ಉಳಿಯುವುದು ಒಂದೋ ಯುದ್ಧೋನ್ಮಾದ, ಇಲ್ಲವೇ ಸೈನಿಕನ ಕಾವಲಿನಲ್ಲಿ ಸುಖವಾಗಿ ಕುಳಿತು ಅವನನ್ನು ಹಿಂಸಕನೆನ್ನುವ ಕೃತಘ್ನತೆ.

ರಾಣೆಯವರಿಗೆ ಪರಂಪರೆಯಲ್ಲಿ ಸ್ಥಾನ ಹುಡುಕುವುದಾದರೆ ಅದು ಬೇರೆಡೆ ಸಿಗುತ್ತದೆ. ಆದಿದೇವನು ಪ್ರಜೆಗಳಿಗೆ ಕಲಿಸಿದನೆಂದು ಪುರಾಣಗಳು ಹೇಳುವ ಷಟ್ಕರ್ಮಗಳಲ್ಲಿ ಅಸಿ ಮೊದಲನೆಯದು. ಮಸಿ, ಕೃಷಿ, ವಿದ್ಯೆ, ವಾಣಿಜ್ಯಗಳ ಜೊತೆಗೆ ಶಿಲ್ಪವೂ ಒಂದು. ಸೈನ್ಯದ ಎಂಜಿನಿಯರನಲ್ಲಿ ಅಸಿಯೂ ಶಿಲ್ಪವೂ ಒಂದೇ ಮೈಯಲ್ಲಿ ಕೂಡಿವೆ. ಅವನಿಗೆ ಕತ್ತಿಯಷ್ಟೇ ಗುದ್ದಲಿಯೂ ಬೇಕು. ಕನ್ನಡ ನಾಡಿನ ಜೈನ ಇತಿಹಾಸ ಅಸಿಕರ್ಮದವರನ್ನು ಧಾರಾಳವಾಗಿಯೇ ಹೊಗಳಿದೆ. ಚಾವುಂಡರಾಯನ ಬಿರುದುಗಳನ್ನು ನೋಡಬೇಕು: ಗೋನೂರಿನ ಕಾಳಗಕ್ಕೆ ವೀರಮಾರ್ತಂಡ, ಉಚ್ಚಂಗಿಯ ಕೋಟೆಗೆ ರಣರಂಗಸಿಂಗ, ತಮ್ಮನನ್ನು ಕೊಂದವನನ್ನು ಕೊಂದುದಕ್ಕೆ ಸಮರಪರಶುರಾಮ. ಒಂದೊಂದು ಬಿರುದಿಗೂ ಒಂದೊಂದು ಯುದ್ಧದ ಗುರುತು. ಇಂದಿನ ಸೈನಿಕನ ಎದೆಯ ಪದಕಗಳ ಹಾಗೆಯೇ. ಆ ಪಟ್ಟಿಯಲ್ಲಿ ಆನೆಗಳೂ ಬಂಡಿಗಳೂ ಸಾಗಲೆಂದು ಕಾಡು ಕಡಿದು ದಾರಿ ಮಾಡಿದ್ದಕ್ಕೆ ಬಿರುದಿಲ್ಲ. ದಾರಿ ಇಲ್ಲದೆ ಉಚ್ಚಂಗಿಯ ಬೆಟ್ಟದ ಬುಡಕ್ಕೆ ಪಡೆ ಹೇಗೆ ತಲುಪೀತು? ಯಾರೋ ಕಡಿದಿರಬೇಕು, ಹೊತ್ತಿರಬೇಕು, ಹಳ್ಳಕ್ಕೆ ಮರ ಹಾಸಿರಬೇಕು. ಆ ಕೆಲಸಕ್ಕೆ ಅತ್ಯುನ್ನತ ಗೌರವ ಬರಲು ಸಾವಿರ ವರ್ಷ ಬೇಕಾಯಿತು. ಗಣರಾಜ್ಯ ತನ್ನ ಪದಕಗಳನ್ನು ರೂಪಿಸಿದ ಹೊತ್ತಿನಲ್ಲಿಯೇ ಇಂತಹವರನ್ನು ಗುರುತಿಸಿತೆಂಬುದು ಅದರ ಬಗ್ಗೆ ಹೇಳಬಹುದಾದ ಒಳ್ಳೆಯ ಮಾತುಗಳಲ್ಲಿ ಒಂದು.

ಪರಮವೀರ ಚಕ್ರ ಸ್ಥಾಪನೆಯಾದದ್ದು 1950ರ ಜನವರಿ 26ರಂದು, 1947ರ ಆಗಸ್ಟ್ 15ರಿಂದ ಅನ್ವಯವಾಗುವಂತೆ. ಇದುವರೆಗೆ ಪಡೆದವರು 21 ಮಂದಿ. ಅವರಲ್ಲಿ 14 ಮಂದಿಗೆ ಮರಣೋತ್ತರ. 1947-48ರ ಯುದ್ಧದ ಐವರಲ್ಲಿ ಸೋಮನಾಥ ಶರ್ಮಾ, ಜದುನಾಥ್ ಸಿಂಗ್, ಪೀರು ಸಿಂಗ್ ಮಡಿದವರು. ರಾಣೆ ಮತ್ತು ಕರಮ್ ಸಿಂಗ್ ಬದುಕಿ ಉಳಿದವರು. ಬದುಕಿ ಉಳಿದ ವೀರನನ್ನು ಏನು ಮಾಡಬೇಕೆಂಬುದು ಸಮಾಜಕ್ಕೆ ಸದಾ ಒಂದು ಪೇಚು. ಸತ್ತವನಿಗೆ ಕಲ್ಲು ನೆಡಬಹುದು: ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ದೇವರ ಸನ್ನಿಧಿ; ವೀರಗಲ್ಲಿನ ಮೂರು ಹಂತಗಳಲ್ಲಿ ಕತೆ ಮುಗಿಯುತ್ತದೆ. ಬದುಕಿದವನ ಕತೆ ಹಾಗೆ ಮುಗಿಯುವುದಿಲ್ಲ. ನಮ್ಮ ಹಿಂದಿನವರಿಗೆ ಇದಕ್ಕೂ ಒಂದು ದಾರಿ ತಿಳಿದಿತ್ತು. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗ ಬೂತುಗ ಬೇಕಾದ್ದನ್ನು ಕೇಳೆಂದ; ಅವನು ದೊರೆಯ ಕಾಳಿ ಎಂಬ ನಾಯಿಯನ್ನು ಕೇಳಿದ. ಆತಕೂರಿನ ಶಾಸನ ನಾಯಿಯ ಕತೆಯ ಜೊತೆಗೆ, ಅವನಿಗೆ ಕೊಟ್ಟ ಬಾಳ್ಗಚ್ಚನ್ನೂ ದಾಖಲಿಸಿದೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ಗೆದ್ದು ಬಂದಾಗ ಪರಮ ಎಂಬ ಊರನ್ನು ಕೇಳಿ ಪಡೆದ; ಪಡೆದದ್ದನ್ನು ತಾಯಿಯೂ ಹೆಂಡತಿಯೂ ಕಟ್ಟಿಸಿದ ಬಸದಿಗಳಿಗೆ ಬಿಟ್ಟ. ಬದುಕಿದ ವೀರ ಏನನ್ನು ಕೇಳಿದ, ಪಡೆದದ್ದನ್ನು ಏನು ಮಾಡಿದ ಎಂಬುದು ಈ ಶಾಸನಗಳಿಗೆ ಯುದ್ಧದಷ್ಟೇ ಮುಖ್ಯ ಸಂಗತಿ.

ರಾಣೆಯವರು ಮುಂದೆ ಇಪ್ಪತ್ತು ವರ್ಷ ಸೈನ್ಯದಲ್ಲಿಯೇ ಇದ್ದು, 1968ರಲ್ಲಿ ಮೇಜರ್ ಆಗಿ ನಿವೃತ್ತರಾದರು. 1994ರ ಜುಲೈ 11ರಂದು ಪುಣೆಯಲ್ಲಿ ತೀರಿಕೊಂಡರು. ಅವರ ಹೆಸರನ್ನು ಹೊತ್ತ ತೈಲದ ಹಡಗೊಂದು ಬಹುಕಾಲ ಸಮುದ್ರದಲ್ಲಿ ಓಡಾಡಿತು. 2023ರ ಜನವರಿ 23ರಂದು ಅಂಡಮಾನಿನ ಹೆಸರಿಲ್ಲದ 21 ದ್ವೀಪಗಳಿಗೆ ಪರಮವೀರ ಚಕ್ರ ಪಡೆದವರ ಹೆಸರಿಟ್ಟಾಗ ಒಂದು ದ್ವೀಪ ರಾಣೆಯವರದಾಯಿತು. ಕಾರವಾರದ ಕಡಲತೀರದಲ್ಲಿ, ಚಾಪೆಲ್ ಯುದ್ಧನೌಕೆಯ ಸಂಗ್ರಹಾಲಯದ ಆವರಣದ ಬಳಿ, ಅವರ ಪ್ರತಿಮೆಯಿದೆ. ಗುಡ್ಡಗಾಡಿನ ರಸ್ತೆಯಲ್ಲಿ ಮಣ್ಣು ಬಗೆದವರ ನೆನಪೆಲ್ಲ ನೀರಿಗೆ ಸಂಬಂಧಿಸಿದ್ದಾಗಿರುವುದು ಒಂದು ವಿನೋದ. ಚೆಂಡಿಯಾ ಕಡಲಿಗೆ ಹತ್ತಿರದ ಊರಾದ್ದರಿಂದ ಅದನ್ನು ಮನ್ನಿಸಬಹುದು.

ಮನ್ನಿಸಲಾಗದ್ದು ಇನ್ನೊಂದಿದೆ. ಏಪ್ರಿಲ್ 8ರ ಮಾರ್ಟರ್ ದಾಳಿಯಲ್ಲಿ ಸತ್ತ ಆ ಇಬ್ಬರ ಹೆಸರು ಪ್ರಶಸ್ತಿಪಾಠದಲ್ಲಿ ಬರುವುದಿಲ್ಲ. ಅಲ್ಲಿ ಅವರು ಬರಿಯ ‘ಇಬ್ಬರು’. ಉಳಿದವರು ‘ತಂಡ’. ಐದು ಮರಗಳ ಬುಡಕ್ಕೆ ಕತ್ತಲೆಯಲ್ಲಿ ರಾಣೆಯವರೊಂದಿಗೆ ಹೋದವರು ಇವರೇ. ಗಾಯಗೊಂಡ ಅಧಿಕಾರಿ ‘ನಡೆಯಿರಿ’ ಎಂದಾಗ ನಡೆದವರು. ಶಾಸನದ ಪ್ರಶಸ್ತಿಗಿಂತ ಆಧುನಿಕ ಪ್ರಶಸ್ತಿ ಹೆಚ್ಚು ಪ್ರಾಮಾಣಿಕ ಎಂದು ಮೆಚ್ಚುವಾಗ ಈ ಒಂದು ವಿಷಯದಲ್ಲಿ ತಲೆ ತಗ್ಗಿಸಬೇಕಾಗುತ್ತದೆ. ಊರ ದನಗಳನ್ನು ಬಿಡಿಸಲು ಹೋಗಿ ಸತ್ತ ಯಾವನೋ ಹಳ್ಳಿಗನ ಹೆಸರನ್ನು, ಅವನ ಅಪ್ಪನ ಹೆಸರನ್ನು, ಕಲ್ಲು ನಿಲ್ಲಿಸಿದವನ ಹೆಸರನ್ನು ನಮ್ಮ ವೀರಗಲ್ಲುಗಳು ಹತ್ತು ಶತಮಾನ ಕಾಪಾಡಿಕೊಂಡು ಬಂದಿವೆ.

ಕಾರವಾರದ ಪ್ರತಿಮೆಗೆ ಹೂಮಾಲೆ ಹಾಕುವವರಿಗೆ ಮಾಡಲು ಇನ್ನೊಂದು ಕೆಲಸವಿದೆ, ಖರ್ಚೂ ಹೆಚ್ಚಿನದಲ್ಲ. ಏಪ್ರಿಲ್ 8ರಿಂದ 11ರವರೆಗಿನ ಆ ಗಂಟೆಗಳ ಪಟ್ಟಿಯನ್ನು, ಒಂದು ವಿಶೇಷಣವನ್ನೂ ಸೇರಿಸದೆ, ಕನ್ನಡದಲ್ಲಿಯೂ ಕೊಂಕಣಿಯಲ್ಲಿಯೂ ಕಲ್ಲಿನಲ್ಲಿ ಕೊರೆಸಿ ಅದರ ಪಕ್ಕದಲ್ಲಿ ನಿಲ್ಲಿಸುವುದು. ಸೈನ್ಯದ ದಾಖಲೆಗಳನ್ನು ಹುಡುಕಿಸಿ ಆ ಇಬ್ಬರ ಹೆಸರನ್ನು ಮೊದಲ ಸಾಲಿನಲ್ಲಿ ಬರೆಸುವುದು.